ಕುಂಕುಮ ಹಚ್ಚಿಕೊಂಡ ದೆವ್ವ

ಇದನ್ನೆಲ್ಲ ನನಗೆ ಮೊದಲು ಹೇಳಿದವಳು ಅಕ್ಕಿಆಲೂರಿನ ನಮ್ಮ ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ. ನಾನು ಇರುವುದು ಶಿಗ್ಗಾಂವದಲ್ಲಿ. ಫೋನು ಮಾಡಿ "ಅಕ್ಕಾ, ಇವತ್ತ ಏನಾತು ಕೇಳ್ರಿಲ್ಲೆ" ಎಂದಳೆಂದರೆ ನಾನು ಒಲೆ ಸಣ್ಣ ಮಾಡಿ ಕೂತುಬಿಡುತ್ತೇನೆ. ಯಾಕೆಂದರೆ ಅವಳು ದೆವ್ವ. ದೆವ್ವದ ಕೆಲಸ ಹಿಡಿದವರಿಗೆ ಇಂಥವು ನಡೆಯುತ್ತಲೇ ಇರುತ್ತವೆ.

ಹೂವಿನ ಮಳೆ

ಮೈದುನ ಮದುವೆ ವಿಡಿಯೋ ತೆಗೆಯುವವನು. ಆಷಾಢ ಬಂತೆಂದರೆ ಮದುವೆಯಿಲ್ಲ, ಕ್ಯಾಮೆರಾ ಗೂಟಕ್ಕೆ. ಅಂಥ ಒಂದು ಆಷಾಢದಲ್ಲಿ ಗಂಡ ಹೆಂಡತಿ ಕೂಡಿ ಮೊಬೈಲಿನಲ್ಲಿ ನೋಡುವ ದೆವ್ವದ ಚಾನೆಲ್ ಶುರು ಮಾಡಿದರು. ಅವನು ಕ್ಯಾಮೆರಾ, ಅವಳು ದೆವ್ವ. ಕಥೆ ಬರೆಯುವುದು ನನ್ನ ಪಾಲಿಗೆ ಬಂತು. ಬಿ.ಎ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತಲ್ಲ.

ಮೊದಲ ದಿನ ಅವಳು ಕೂದಲು ಬಿಟ್ಟುಕೊಂಡು ಬಾವಿಯ ಹತ್ತಿರ ನಿಂತಳು. ಇವನು ಕ್ಯಾಮೆರಾ ಹಿಡಿದು, "ಕುತಿಗಿ ಸ್ವಲ್ಪ ಬಲಕ್ಕ... ಸೆರಗು ಸರಿ ಮಾಡ್ಕೋ... ಹಾಂ, ಈಗ ಸಣ್ಣಗ ನಗು" ಅಂದ.

"ದೆವ್ವ ಯಾಕ ನಗಬೇಕ್ರಿ?"

"ಹೌದಲ್ಲ. ರೂಢಿ, ಬಾಯಾಗ ಬಂದಬಿಡ್ತು."

ರೂಢಿ ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಮದುವೆಯ ಅಲಂಕಾರ. ದೆವ್ವ ಬಾವಿಯ ಹಿಂದಿನಿಂದ ಏಳುತ್ತಿದ್ದ ಹಾಗೆ ಮೇಲಿನಿಂದ ಗುಲಾಬಿ ಪಕಳೆ ಸುರಿದವು, ಎರಡು ಹೃದಯ ಬಂದು ಕೂಡಿಕೊಂಡವು. ಒಂದರಲ್ಲಿ ದೆವ್ವ, ಇನ್ನೊಂದು ಖಾಲಿ. ಆಗ ನೋಡುವವರೆಂದರೆ ಬರೀ ನೆಂಟರು. ಸವಣೂರಿನ ಸೋದರತ್ತೆ ಕೆಳಗೆ ಬರೆದಿದ್ದರು: "ನೂರು ಕಾಲ ಸುಖವಾಗಿ ಬಾಳಿರಿ."

ಅತ್ತೆಯವರ ಅಪ್ಪಣೆ

ಎರಡನೆಯ ವಿಡಿಯೋ ನಮ್ಮ ಅತ್ತೆಯವರ ಕಣ್ಣಿಗೆ ಬಿತ್ತು. ಅವರಿರುವುದು ಅಕ್ಕಿಆಲೂರಿನ ಮನೆಯಲ್ಲೇ.

"ನನ್ನ ಮಗ ಗುಂಡಕಲ್ಲಿನಂಗ ಅದಾನ. ನೀ ಬರೀ ಹಣಿ, ಬರೀ ಕೈಯಾಗ ಊರ ಮಂದಿ ಮುಂದ ನಿಂದರತೀಯೇನು? ತುಳಸಿ ಲಗ್ನ ಆಗೂದ್ರಾಗ ಇದು ಬಂದ್ ಆಗಬೇಕು ನೋಡು. ಅಲ್ಲೀ ಮಟ ಮಾಡೂದಾದ್ರ ಕುಂಕುಮ, ಹಸಿರು ಬಳಿ, ತಾಳಿ, ಎಲ್ಲಾ ಇರಬೇಕು."

"ಅತ್ತಿ, ದೆವ್ವ ಅಂದ್ರ ಸತ್ತಾಕಿರಿ."

"ಸಾಯಲಿ. ಮುತ್ತೈದಿ ಸಾವು ಸಾಯಲಿ."

ನೆಗೆಣ್ಣಿ ನನಗೆ ಫೋನು ಮಾಡಿದಾಗ ಅವಳ ದನಿ ಸಣ್ಣಗಾಗಿತ್ತು. "ಅಕ್ಕಾ, ಲಗ್ನ ಆಗಿ ಬಂದಾಗಿಂದ ಈ ಮನ್ಯಾಗ ನಂದು ಅಂತ ಇದೊಂದ ಐತ್ರಿ. ಇದೂ ಹೋಗತೈತೇನೋ." ನಗಿಸುವವಳು ಹಾಗೆ ಮಾತಾಡಿದರೆ ಕೇಳುವುದು ಕಷ್ಟ.

ಆದರೆ ಹಣೆ ತುಂಬ ಕುಂಕುಮ ಹಚ್ಚಿಕೊಂಡು ಬಂದದ್ದೇ ದೆವ್ವದ ದೆಸೆ ತಿರುಗಿತು. ಎಲ್ಲ ಚಾನೆಲ್ಲುಗಳಲ್ಲೂ ಬಿಳಿ ಸೀರೆಯ ಹಾಳುಮುಖದ ದೆವ್ವಗಳೇ. ಇದೊಂದು ಮಾತ್ರ ಗೌರಮ್ಮನ ಹಾಗೆ ಕಳೆಕಳೆಯಾಗಿ ಕಾಣುತ್ತಿತ್ತು. ಹೆಣ್ಣುಮಕ್ಕಳು ನೋಡಲು ಶುರು ಮಾಡಿದರು. ನೋಡುವವರು ದಿನಾ ಹೆಚ್ಚಿದರು. ಒಬ್ಬಾಕೆ ಬರೆದಳು: "ಚಲೋ ಮನೆತನದ ದೆವ್ವ ಕಾಣತೈತಿ. ಇಳಕಲ್ ಸೀರೆ ಎಲ್ಲಿ ತಗೊಂಡ್ರಿ?"

ಸವಣೂರು ಬಸ್ ಸ್ಟ್ಯಾಂಡ್

ಹೆಸರು ಎಷ್ಟು ಬೆಳೆಯಿತೆಂದರೆ, ಸವಣೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ ಡಬ್ಬಿ ಹಿಡಿದು ಮಗಳ ಹಿಂದೆ ಓಡುತ್ತಿದ್ದವಳು ಇವಳನ್ನು ಗುರುತು ಹಿಡಿದಳು. "ಯಕ್ಕಾ, ನೀವು ದೆವ್ವಲ್ರಿ? ಈಕಿಗೊಮ್ಮೆ ಹೆದರಸರಿ, ನಾಕು ತುತ್ತು ಉಣ್ಣಲಿ."

ನೆಗೆಣ್ಣಿ ಪರ್ಸು ಬದಿಗಿಟ್ಟು, ಕಣ್ಣು ಕೆಂಪಗೆ ಮಾಡಿ, ಕೈಲಾದಷ್ಟು ಹೆದರಿಸಿದಳು. ಕೂಸು ತದೇಕಚಿತ್ತದಿಂದ ನೋಡಿ ಹೇಳಿತು: "ನಮ್ಮ ಟೀಚರ್ ಇದಕ್ಕಿಂತ ಚಲೋ ಮಾಡ್ತಾರ."

ಚಿಕ್ಕೇರೂರಿನ ಉಡಿ

ಹಿರೇಕೆರೂರಿನ ಕಡೆ ಚಿಕ್ಕೇರೂರಿನಲ್ಲಿ ಒಂದು ಪಾಳುಮನೆ ಸಿಕ್ಕಿತು. ಮುರಿದ ಕಿಡಕಿಯಿಂದ ದೆವ್ವ ಇಣುಕುವುದು, ಅಷ್ಟೇ ಕೆಲಸ. ಇವಳು ಇಣುಕಿದಳು. ಹೊರಗೆ ಓಣಿಯ ಹೆಣ್ಣುಮಕ್ಕಳೆಲ್ಲ ನಿಂತಿದ್ದರು. ಯಾರೂ ಹೆದರಲಿಲ್ಲ.

"ಯಾರ ಪೈಕಿ ಅದೀ ಯವ್ವಾ?" ಎಂದಳು ಒಬ್ಬ ಹಿರಿಯಾಕೆ.

"ಅಕ್ಕಿಆಲೂರ್ರಿ. ಈಗ ಸದ್ಯ ದೆವ್ವ ಅದೀನ್ರಿ."

"ಏನರ ಆಗವ್ವಾ. ಮೊದಲ ಸಲ ನಮ್ಮ ಓಣಿಗೆ ಬಂದಿ, ಹಣಿ ತುಂಬ ಕುಂಕುಮ ಐತಿ. ಬರೀ ಉಡೀಲೆ ಹ್ಯಾಂಗ ಕಳಸೂದು?"

ಮಣೆ ಬಂತು. ದೆವ್ವವನ್ನು ಮೂಡಣ ದಿಕ್ಕಿಗೆ ಮುಖ ಮಾಡಿ ಕೂರಿಸಿ, ಅರಿಷಿಣ ಕುಂಕುಮ ಕೊಟ್ಟು, ಅಕ್ಕಿ, ಕೊಬ್ಬರಿಬಟ್ಟಲು, ಕುಬಸ ಹಾಕಿ ಐದು ಮಂದಿ ಉಡಿ ತುಂಬಿದರು. ಮೈದುನ, ಮದುವೆಯ ಮನುಷ್ಯ, ಸುತ್ತಲೂ ತಿರುಗಿ ಎಲ್ಲವನ್ನೂ ಚೆಂದ ತೆಗೆದ. ಹೊರಡುವಾಗ ಹಿರಿಯಾಕೆ ಹೇಳಿದಳು: "ಮತ್ತ ಬಾ ಯವ್ವಾ. ಮುಂದಿನ ಸಲ ಮನಿ ಮಂದೀನೂ ಕರಕೊಂಡು ಬಾ."

ಹೊಸ್ತಿಲು

ತುಳಸಿ ಲಗ್ನ ಹತ್ತಿರ ಬಂತು. "ಅಕ್ಕಾ, ನೀವರ ಬಂದು ಅತ್ತಿಗೆ ಒಂದ ಮಾತು ಹೇಳ್ರಿ" ಎಂದು ನೆಗೆಣ್ಣಿ ಅತ್ತಳು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಲೆ, ಹೆಣ್ಣುಮಕ್ಕಳ ಸ್ವಾತಂತ್ರ್ಯ ಎಂದೆಲ್ಲ ಮಾತು ಹೊಂದಿಸಿಕೊಂಡು ಅಕ್ಕಿಆಲೂರಿಗೆ ಹೋದೆ. ಒಂದೂ ಬೇಕಾಗಲಿಲ್ಲ.

"ದೆವ್ವದ ಮ್ಯಾಲ ಈಗ ನಂದೇನೂ ತಕರಾರಿಲ್ಲ," ಅಂದರು ಅತ್ತೆ. "ಆದ್ರ ಅದು ನಿಂದರೂ ಮೂಲ್ಯಾಗ ಜ್ಯಾಡರ ಬಲಿ! ಬೀಗತಿ ಫೋನ್ ಮಾಡಿ ಕೇಳ್ತಾಳ, ನಿಮ್ಮ ಮನ್ಯಾಗ ಕಸಾ ಹೊಡ್ಯಾವ್ರು ಯಾರೂ ಇಲ್ಲೇನ್ರಿ ಅಂತ!"

"ಅತ್ತಿ, ಅದು ಹತ್ತಿ ಹಿಂಜಿ ನಾವ ಹಚ್ಚಿದ್ದ್ರಿ," ಎಂದಳು ನೆಗೆಣ್ಣಿ.

"ನೀವು ಹಚ್ಚಿದ್ದು ಅಂತ ಅದರ ಮ್ಯಾಲ ಬರದೈತೇನು?"

ಕೊನೆಗೆ ಒಪ್ಪಂದವಾಯಿತು. ಮನೆ ಸ್ವಚ್ಛ ಮಾಡಿ ಇನ್ನೊಂದು ವಿಡಿಯೋ ತೆಗೆಯುವುದು. ಅದರಲ್ಲೂ ಮಾನ ಹೋದರೆ ಚಾನೆಲ್ ಬಂದ್.

ಮರುದಿನ ಜೇಡರ ಬಲೆ ಹೋಯಿತು. ನೆಲ ಒರೆಸಿ, ಹಿತ್ತಾಳೆ ತಿಕ್ಕಿ, ಹೊಸ್ತಿಲಿಗೆ ರಂಗೋಲಿ ಹಾಕಿ ದೆವ್ವವನ್ನು ಬರಮಾಡಿಕೊಂಡೆವು. ದೆವ್ವ ಅಂಗಳದಿಂದ ಬರಬೇಕು. ಮಧ್ಯಾಹ್ನದ ಬಿಸಿಲು, ಕಾಲು ಸುಡುತ್ತವೆಂದು ನೆಗೆಣ್ಣಿ ಚಪ್ಪಲಿ ಮೆಟ್ಟಿದ್ದಳು. ಮೈದುನ "ಹೂಂ" ಅಂದ. ಕೂದಲು ಹಾರಿಸಿ, ಎರಡೂ ಕೈ ಚಾಚಿ, ಗುರ್ರೆನ್ನುತ್ತ ದೆವ್ವ ಹೊಸ್ತಿಲು ದಾಟಿತು.

ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ. "ಚಪ್ಲಿ!" ಅಂದರು.

ದೆವ್ವದ ಗುರ್ ಅಲ್ಲೇ ನಿಂತಿತು. ಹಿಂದಕ್ಕೆ ಸರಿಯಿತು. ಚಪ್ಪಲಿ ಕಳೆದು, ಜೋಡಿಸಿ ಗೋಡೆಗೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಬಿಟ್ಟಲ್ಲಿಂದ ಗುರ್ ಎತ್ತಿಕೊಂಡು ಒಳಗೆ ಬಂತು.

ಮೈದುನ ನಗುತ್ತ ಕ್ಯಾಮೆರಾ ನಡುಗಿಸಿದನೇ ಹೊರತು ನಿಲ್ಲಿಸಲಿಲ್ಲ. ರಾತ್ರಿ ಹಾಗೆಯೇ ಚಾನೆಲ್ಲಿಗೆ ಹಾಕಿದ್ದೇ ತಡ, ಬೆಳಗಾಗುವುದರೊಳಗೆ ಅದು ಹಾನಗಲ್ಲಿನಿಂದ ಹಿಡಿದು ನಾವು ಹೆಸರು ಕೇಳದ ಊರುಗಳ ತನಕ ಮುಟ್ಟಿತ್ತು. "ದೆವ್ವದ ಕಾಲು ಹಿಂದಮುಂದ ಇರ್ತಾವಂತ ಕೇಳಿದ್ವಿ, ಚಪ್ಲಿ ಹಾಕತೈತಿ ಅಂತ ಗೊತ್ತಿರಲಿಲ್ಲ" ಎಂದು ಒಬ್ಬ ಬರೆದ. ಉಳಿದವರೆಲ್ಲ ಕೇಳಿದ್ದು ಒಂದೇ: "ದೆವ್ವ ಇರಲಿ, ಆ ಅವ್ವಾರು ಮತ್ತ ಯಾವಾಗ ಬರ್ತಾರ?"

ತುಳಸಿ ಲಗ್ನ ಬಂತು, ಹೋಯಿತು. ಬಂದ್ ಮಾಡುವ ಮಾತು ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆಯವರು ಒಳ್ಳೆಯ ಸೀರೆ ಉಟ್ಟು, ಬೆಳ್ಳುಳ್ಳಿಯ ಬುಟ್ಟಿ ಹಿಡಿದುಕೊಂಡು ಪಡಸಾಲೆಗೆ ಬಂದು ಸೊಸೆಗೆ ಕೇಳಿದರಂತೆ: "ಎಷ್ಟೊತ್ತಿಗೆ ಕುಂದರಲಿ?"

ನೀವೂ ಇದನ್ನು ನಾಲ್ಕು ಮಂದಿಗೆ ಹೇಳ್ರಿ. ಹೇಳುವಾಗ ಏನು ಬಿಟ್ಟರೂ ಮನೆ ಸ್ವಚ್ಛ ಇತ್ತು ಅನ್ನುವುದನ್ನು ಮಾತ್ರ ಬಿಡಬ್ಯಾಡ್ರಿ. ಅತ್ತೆಯವರು ವಿಚಾರಿಸುತ್ತಾರೆ.