ಡ್ರಿಲ್ ಮೇಷ್ಟ್ರು ವಜ್ರ ಅಂಟಿಸಿದ್ದು

ನಗುವಂಥ ಸಂಗತಿಗಳು ನಮ್ಮ ಮನೆಗೆ ಹೇಳಿ ಕೇಳಿ ಬರುವುದಿಲ್ಲ. ಅದರಲ್ಲೂ ನಗಬಾರದ ಹೊತ್ತು ನೋಡಿಕೊಂಡೇ ಬರುತ್ತವೆ. ಶಿಡ್ಲಘಟ್ಟದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಪ್ರಾರ್ಥನೆಯ ಹೊತ್ತಿನಲ್ಲಿ ಕಿಸಕ್ಕೆಂದವರನ್ನು ಬಿಸಿಲಲ್ಲಿ ನಿಲ್ಲಿಸಿಯೇ ಹೆಸರು ಮಾಡಿದವನು. ಈಗ ಹೇಳಹೊರಟ ಪ್ರಸಂಗಗಳಲ್ಲಿ ಒಂದಕ್ಕೂ ನಾನು ಆಗ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಇರಲಿಲ್ಲ.

ನನ್ನ ಹೆಂಡತಿಗೆ ಲಕ್ವ ಹೊಡೆದಿತ್ತು. ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಹಾಗೇ ಕುಸಿದು ಕೂತಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಕಾಲು ಬಂತು, ಮಾತು ಬಂತು. ಮಾತು ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಬಂತು. ಬಲಗೈ ಮಾತ್ರ ಬರಲಿಲ್ಲ. ದಿಬ್ಬೂರಹಳ್ಳಿಯ ಕಡೆ, ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವಳು ಅವಳು. ಹಣ್ಣಾದ ಹುಳವನ್ನು ಎರಡೇ ಬೆರಳಲ್ಲಿ, ಹಿಸುಕದ ಹಾಗೆ ಎತ್ತಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡುವುದರಲ್ಲಿ ಮನೆಯಲ್ಲೆಲ್ಲ ಅವಳದೇ ಕೈ ಎಂದು ನಮ್ಮ ಮಾವನವರು ಹೇಳುತ್ತಿದ್ದರು. ಆ ಕೈ ಈಗ ಸೆರಗಿನ ಕೆಳಗೆ ಸೇರಿಕೊಂಡಿತು. ಯಾರಾದರೂ ಬಂದರೆ ಇನ್ನಷ್ಟು ಒಳಕ್ಕೆ ಹೋಗುತ್ತಿತ್ತು.

ಫಿಸಿಯೋಥೆರಪಿ ಡಾಕ್ಟರು ಮನೆಗೇ ಬರುತ್ತಿದ್ದರು. "ಅಮ್ಮಾ, ಕೈಲಿ ಶಕ್ತಿ ಇದೆ, ನೀವು ಬಳಸ್ತಿಲ್ಲ. ಸಣ್ಣ ಸಣ್ಣ ಸಾಮಾನು ಬೆರಳಲ್ಲಿ ಎತ್ತಿ ಎತ್ತಿ ಇಡಿ. ಹೀಗೇ ಬಿಟ್ರೆ ಬೆರಳು ಮಡಚ್ಕೊಂಡು ಗಟ್ಟಿಯಾಗ್ಬಿಡುತ್ತೆ. ಆಮೇಲೆ ಬಿಡಿಸೋಕೆ ಯಾರಿಂದಲೂ ಆಗಲ್ಲ," ಎಂದರು. ಅವರು ಅತ್ತ ಹೋದದ್ದೇ ನಾನು ಒಂದು ತಟ್ಟೆ ಅಲಸಂದೆ ಕಾಳು ತಂದು ಅವಳ ಮುಂದಿಟ್ಟೆ.

"ನಾನೇನು ಕೋಳೀನೇನ್ರೀ, ಕಾಳು ಹೆಕ್ಕೋಕೆ?" ಎಂದು ತಟ್ಟೆ ತಳ್ಳಿದಳು. ಎಡಗೈಯಲ್ಲಿ.

೧. ಮೊದಲು ಚೀಟಿ ಓದಬೇಕು

ಚಿಂತಾಮಣಿಯಲ್ಲಿ ಲೆಕ್ಚರರ್ ಆಗಿರುವ ಮಗಳು ಆನ್‌ಲೈನಿನಲ್ಲಿ ಒಂದು ಪೊಟ್ಟಣ ತರಿಸಿ ಕಳಿಸಿದಳು. ಡೈಮಂಡ್ ಪೇಂಟಿಂಗ್ ಅಂತೆ. ಬಿಚ್ಚಿ ನೋಡಿದರೆ ಡೈಮಂಡೂ ಇಲ್ಲ, ಪೇಂಟೂ ಇಲ್ಲ. ಅಂಟು ಬಳಿದ ಒಂದು ಬಟ್ಟೆ. ಅದರ ತುಂಬ ಪುಟಾಣಿ ಚೌಕಗಳು, ಚೌಕಕ್ಕೊಂದು ಗುರುತು. ಬಣ್ಣಬಣ್ಣದ ಪ್ಲಾಸ್ಟಿಕ್ ಹರಳುಗಳು ಬೇರೆ ಬೇರೆ ಪೊಟ್ಟಣದಲ್ಲಿ. ಪೆನ್ನಿನಂಥ ಒಂದು ಕಡ್ಡಿಯ ತುದಿಯನ್ನು ಮೇಣಕ್ಕೆ ಒತ್ತಿ, ಅದರಿಂದ ಹರಳನ್ನು ಎತ್ತಿ, ಗುರುತು ನೋಡಿ ಚೌಕದಲ್ಲಿ ಕೂರಿಸುತ್ತ ಹೋಗಬೇಕು. ಎಲ್ಲ ಚೌಕ ತುಂಬಿದರೆ ಚಿತ್ರ.

ಜೊತೆಗೆ ಇಂಗ್ಲಿಷಿನ ಚೀಟಿ ಇತ್ತು. ಡ್ರಿಲ್ಲುಗಳನ್ನು ನೇರ ಸಾಲಿನಲ್ಲಿ ನಿಲ್ಲಿಸಿ, ಮೆತ್ತಗೆ ಒತ್ತಿ ಎಂದು ಬರೆದಿತ್ತು. ನನಗೆ ಸಿಟ್ಟು ಬಂತು. ಮಗಳಿಗೆ ಫೋನ್ ಮಾಡಿದೆ.

"ಏನಮ್ಮಾ ಇದು? ಕೈ ಬರದೋರ ಹತ್ರ ಡ್ರಿಲ್ ಮಾಡ್ಸಿ ಅಂತ ಬರೆದವ್ರೆ?"

"ಅಪ್ಪಾ, ಆ ಹರಳಿಗೇ ಡ್ರಿಲ್ ಅಂತಾರಪ್ಪಾ!"

ಪಕ್ಕದಲ್ಲಿ ಕೂತಿದ್ದ ಹೆಂಡತಿ, "ನೀವು ರಿಟೈರಾದ್ರೂ ಡ್ರಿಲ್ ನಿಮ್ಮನ್ನ ಬಿಡ್ಲಿಲ್ಲ ನೋಡಿ," ಎಂದಳು.

ಚಿತ್ರ ತಿರುಪತಿ ತಿಮ್ಮಪ್ಪನದು. ಅದನ್ನು ಆರಿಸಿದ್ದರಲ್ಲಿ ಮಗಳ ಉಪಾಯವಿತ್ತು. ಅಮ್ಮ ಎಲ್ಲಕ್ಕೂ ಎಡಗೈ ಚಾಚಿದರೂ ದೇವರ ಕೆಲಸಕ್ಕೆ ಚಾಚುವವಳಲ್ಲ, ಆಗ ಬಲಗೈ ಈಚೆ ತೆಗೆಯಲೇಬೇಕಾಗುತ್ತದೆ ಎಂದು ಫೋನಿನಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. ಹೆಂಡತಿ ಚಿತ್ರವನ್ನು ಕಣ್ಣಿಗೊತ್ತಿಕೊಂಡಳು, ಮಡಚಿ ನನ್ನ ಕೈಗೆ ಕೊಟ್ಟಳು.

"ಬಲಗೈ ಏಳಲ್ಲ. ಎಡಗೈ ದೇವರಿಗೆ ಆಗಲ್ಲ. ಮನೇಲಿ ಇನ್ನೆಷ್ಟು ಕೈ ಮಿಕ್ಕಿದೆ ನೋಡಿ."

ಮಿಕ್ಕಿದ್ದು ಎರಡು. ಎರಡೂ ನನ್ನವೇ.

೨. ಮೇಲಿನ ಹಾಳೆ ಪೂರ್ತಿ ಸುಲಿಯಬಾರದು

ಅಂಟಿನ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಕೆಲಸ ಮಾಡುವಷ್ಟು ಜಾಗದಲ್ಲಿ ಮಾತ್ರ ಸ್ವಲ್ಪ ಸ್ವಲ್ಪವೇ ಎತ್ತಿ ಮಡಚಬೇಕು, ಎದ್ದು ಹೋಗುವಾಗ ಮತ್ತೆ ಮುಚ್ಚಬೇಕು. ಇದನ್ನು ಈಗ ಬೇರೆಯವರಿಗೆ ಗಂಭೀರವಾಗಿ ಹೇಳುತ್ತೇನೆ. ಆಗ ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದೇ ಏಟಿಗೆ ಪರ್ರನೆ ಎಳೆದು ಬಿಸಾಡಿದೆ. ಪಾದದಿಂದಲೇ ಶುರು ಮಾಡಬೇಕೆಂದು ಹೆಂಡತಿಯ ಅಪ್ಪಣೆಯಾಯಿತು. ಪಾದದ ಹತ್ತಿರ ನಾಲ್ಕು ಸಾಲು ಅಂಟಿಸುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಬಟ್ಟೆಯನ್ನು ಮಂಚದ ಮೇಲೆ ಹಾಗೇ ಬಿಟ್ಟು ನೀರು ಕುಡಿದು ಬಂದೆ. ಬೇಸಿಗೆ, ಮೈಮೇಲೆ ಬನಿಯನ್ ಇರಲಿಲ್ಲ. ಮರೆತು ಅದೇ ಮಂಚದ ಮೇಲೆ ಅಂಗಾತ ಮಲಗಿ ನಿದ್ದೆ ಹೋದೆ.

ಯಾರೋ ಬಾಗಿಲು ಬಡಿದರು. ಎದ್ದು ಹೋಗಿ ತೆಗೆದೆ. ತಂಗಿಯನ್ನು ನೋಡಲು ಗೌರಿಬಿದನೂರಿನಿಂದ ನಮ್ಮ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ಬಂದಿದ್ದರು. ಅವರ ಬ್ಯಾಗು ತೆಗೆದುಕೊಂಡು ಒಳಕ್ಕೆ ತಿರುಗಿದೆನೋ ಇಲ್ಲವೋ, ಹಿಂದಿನಿಂದ ಕಿರುಚಿದರು.

"ಅಯ್ಯೋ ದೇವುಡಾ! ಮೇಷ್ಟ್ರಿಗೂ ಏನಾಯ್ತೇ? ಬೆನ್ನು ಪೂರ್ತಿ ಪಟ್ಟಿ ಹಾಕವ್ರಲ್ಲೇ! ಗಂಡ ಹೆಂಡ್ತಿ ಇಬ್ರಿಗೂ ಒಟ್ಟಿಗೇ ಬಿತ್ತಾ?"

ನನ್ನ ಹೆಂಡತಿ ಕೂತಲ್ಲಿಂದಲೇ, ಮುಖದಲ್ಲಿ ಒಂದು ಗೆರೆಯೂ ಕದಲದ ಹಾಗೆ, "ಏನೂ ಆಗಿಲ್ಲ ಬಾರಕ್ಕ. ಅವರ ಬೆನ್ನಿಗೆ ದೇವರಿದಾನೆ," ಎಂದಳು.

ಕೀಳುವಾಗ ನನಗೆ ಪ್ರಾಣ ಹೋಗಿ ಬಂತು. ಬೆನ್ನಿನ ಕೂದಲೆಲ್ಲ ಸ್ವಾಮಿಯ ಅಂಟಿನಲ್ಲಿ ಉಳಿಯಿತು. ಚಿಮಟ ಹಿಡಿದು ಒಂದೊಂದನ್ನೇ ಆರಿಸುತ್ತಿದ್ದ ಅತ್ತಿಗೆಗೆ ಹೆಂಡತಿ ಹೇಳಿದಳು:

"ಊರೋರೆಲ್ಲ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರ್ತಾರೆ. ಇವರ ಹತ್ರ ತಿಮ್ಮಪ್ಪನೇ ಮನೆಗೆ ಬಂದು ಇಸ್ಕೊಂಡ ಕಣಕ್ಕ."

೩. ಹರಳಿಗೆ ಮುಚ್ಚಳದ ಡಬ್ಬಿಯೇ ಆಗಬೇಕು

ಅತ್ತಿಗೆ ಅಡಿಗೆಮನೆ ವಹಿಸಿಕೊಂಡು ಕೆಲವು ದಿನ ಉಳಿದರು. ನನಗೂ ಕೆಲಸ ಸ್ವಲ್ಪ ಕೈಗೆ ಹತ್ತುತ್ತಿತ್ತು. ಫ್ಯಾನ್ ಹಾಕಿದರೆ ಹರಳು ಹಾರಿ ಮನೆಯೆಲ್ಲ ಚೆಲ್ಲುತ್ತದೆ, ಮೇಣ ಜಾಸ್ತಿ ಮೆತ್ತಿಕೊಂಡರೆ ಪೆನ್ನು ಹರಳನ್ನು ಬಿಡುವುದೇ ಇಲ್ಲ ಎನ್ನುವುದನ್ನೆಲ್ಲ ಕಲಿತಿದ್ದೆ. ಹರಳುಗಳನ್ನು ಬಣ್ಣಕ್ಕೊಂದು ಡಬ್ಬಿಯಲ್ಲಿ ಹಾಕಿ ಮೇಲೆ ನಂಬರು ಅಂಟಿಸಿ ಇಟ್ಟುಕೊಳ್ಳಬೇಕೆಂದು ಮಗಳು ಹೇಳಿದ್ದಳು. ಡಬ್ಬಿ ಯಾರು ಹುಡುಕುತ್ತಾರೆ ಎಂದು ನಾನು ಅಡಿಗೆಮನೆಯಿಂದ ಸ್ಟೀಲ್ ಬಟ್ಟಲುಗಳನ್ನು ತಂದುಕೊಂಡೆ. ಊಟದ ಹೊತ್ತಿಗೆ ಎಲ್ಲ ಎತ್ತಿಡುವಾಗ ಕಪ್ಪು ಹರಳಿನ ಬಟ್ಟಲು ಒಲೆಯ ಪಕ್ಕದ ಕಟ್ಟೆಯ ಮೇಲೆ ಉಳಿಯಿತು.

ಅತ್ತಿಗೆಗೆ ಕಣ್ಣಿನ ಪೊರೆ ಆಪರೇಷನ್ ಇನ್ನೂ ಆಗಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಿಸಿ, ಬಟ್ಟಲಿಂದ ಒಂದು ಹಿಡಿ ತೆಗೆದು ಹಾಕಿ, ಸಿಡಿಯಲೆಂದು ಕಾದರು.

"ಸಾಸಿವೆ ಸಿಡೀತಾನೇ ಇಲ್ವಲ್ಲೇ," ಎಂದು ಕೂಗಿದರು.

"ಎಣ್ಣೆ ಕಾದಿಲ್ವೇನೋ ನೋಡಕ್ಕ," ಎಂದಳು ಹೆಂಡತಿ.

ಉರಿ ಜೋರು ಮಾಡಿದರು. ಮಿಕ್ಕಿದ್ದನ್ನೂ ಹಾಕಿದರು. ನಮ್ಮ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸುವ ವಾಸನೆಗೇ ನಾವು ಒಗ್ಗಿಹೋದವರು. ಅದನ್ನೂ ಮೀರಿದ ಒಂದು ವಾಸನೆ ಎದ್ದಿತು. ಓಡಿ ಹೋಗಿ ನೋಡಿದರೆ ಒಗ್ಗರಣೆ ಸೌಟಿನಲ್ಲಿ ಟಾರು.

ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದು ಕಪ್ಪೇ. ಸ್ವಾಮಿಯ ಮೈಬಣ್ಣವೇ ಅದು. ತಲೆಯ ಮೇಲೆ ಕೈಹೊತ್ತು ಕೂತೆ. ಅತ್ತಿಗೆ ತಪ್ಪೆಲ್ಲ ನನ್ನದೇ ಎನ್ನುವ ಹಾಗೆ ಸೌಟು ನನ್ನ ಮುಂದೆ ಹಿಡಿದರು.

"ಅಲ್ಲ ಮೇಷ್ಟ್ರೇ, ಅಡಿಗೆ ಮಾಡಿ ದೇವರಿಗೆ ನೈವೇದ್ಯಕ್ಕಿಡೋದು ಗೊತ್ತು. ನೀವು ದೇವರನ್ನೇ ಒಗ್ಗರಣೆಗೆ ಇಟ್ಟಿದ್ರಲ್ಲ!"

೪. ಬೆಳಕಿಗೆ ಕೂರಬೇಕು

ಮಗಳು ಕಪ್ಪು ಹರಳು ಬೇರೆ ತರಿಸಿಕೊಟ್ಟಳು. ಒಳಗಿನ ಬಲ್ಬಿನ ಬೆಳಕಿನಲ್ಲಿ ಕಪ್ಪಿಗೂ ಕಡು ನೀಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಬೆಳಗಿನ ಹೊತ್ತು ಮನೆಯ ಮುಂದಿನ ಜಗಲಿಗೆ ಮೇಜು ಹಾಕಿದೆ. ಹೆಂಡತಿಗೆ ಕುರ್ಚಿ ಪಕ್ಕದಲ್ಲಿ. ನಾನು ಅಂಟಿಸುವುದು, ಅವಳು ತಪ್ಪು ಹುಡುಕುವುದು. "ಹುಳ ಹಿಸುಕಿದ ಹಾಗೆ ಹಿಸುಕಬೇಡ್ರೀ, ಮೆತ್ತಗೆ!" ಎಂದು ಅವಳು ಗದರಿದಾಗಲೆಲ್ಲ ನಾನು ಅವಳ ಸೆರಗಿನ ಕಡೆ ನೋಡುತ್ತಿದ್ದೆ. ಅದು ಅಲ್ಲಾಡುತ್ತಿರಲಿಲ್ಲ.

ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಒಂದು ದಿನ ಎದುರುಮನೆಯಾಕೆ ತಿರುಪತಿಗೆ ಹೋಗಿಬಂದವರು ಪ್ರಸಾದದ ಲಾಡು ತಂದರು. ಹೆಂಡತಿಯ ಎಡಗೈ ಅರ್ಧ ಮುಂದೆ ಬಂದು ಅಲ್ಲೇ ನಿಂತಿತು. ಪ್ರಸಾದಕ್ಕೆ ಎಡಗೈಯೊಡ್ಡುವುದು ಹೇಗೆ? ಎದ್ದು ನಿಂತು, ಆ ಎಡಗೈಯಲ್ಲೇ ಸೆರಗಿನ ತುದಿ ಹಿಡಿದು ಒಡ್ಡಿದಳು. ಎದುರುಮನೆಯಾಕೆ ಸೆರಗಿಗೆ ಲಾಡು ಹಾಕಿ ಬೇರೆ ಕಡೆ ನೋಡಿದರು. ಸೆರಗು ಸರಿದಿದ್ದರಿಂದ ಮಡಚಿದ ಬೆರಳು ಎಲ್ಲರಿಗೂ ಕಾಣುತ್ತಿತ್ತು.

ಆಮೇಲೆ ಆಕೆ, ಏನಾದರೂ ಹೇಳಬೇಕಲ್ಲ ಎಂದು, ಮೇಜಿನ ಕಡೆ ತಿರುಗಿದರು. "ಏನ್ ಮೇಷ್ಟ್ರೇ, ಇಷ್ಟು ದಿನ ಆಯ್ತು, ಸ್ವಾಮಿ ಇನ್ನೂ ಸೊಂಟದವರೆಗೇ ಬಂದವ್ನೆ. ಮುಖ ಯಾವಾಗ?"

ಹೆಂಡತಿ ಸೆರಗು ಸರಿಮಾಡಿಕೊಂಡು ಕೂತಳು. "ತಿರುಪತಿ ಅಲ್ವೇನ್ರಮ್ಮಾ? ದರ್ಶನಕ್ಕೆ ಕಾಯ್ಬೇಕು," ಎಂದಳು.

೫. ಸಾಲು ಸೊಟ್ಟ ಆಗಬಾರದು

ಚಿತ್ರ ಸ್ವಾಮಿಯ ಮುಖದ ಹತ್ತಿರ ಬರುವ ಹೊತ್ತಿಗೆ ಒಂದು ದಿನ ಫಿಸಿಯೋ ಡಾಕ್ಟರು ಅವಳ ಬೆರಳು ಬಿಡಿಸಲು ಹೋದರೆ ಅವು ಬಿಗಿಯಾಗಿದ್ದವು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ, "ಸಾರ್, ಗಟ್ಟಿಯಾಗ್ತಾ ಇದೆ. ಅವರಾಗಿ ಮನಸ್ಸು ಮಾಡ್ದೆ ನಾನೇನೂ ಮಾಡಕ್ಕಾಗಲ್ಲ. ಇನ್ನು ತಡ ಆದ್ರೆ ಕಷ್ಟ," ಎಂದರು. ನಾನು ಅವಳ ಹತ್ತಿರ ಬೇಡಿಕೊಂಡೆ, ಗದರಿದೆ, ಮಗಳು ಫೋನಿನಲ್ಲಿ ಅತ್ತದ್ದೂ ಆಯಿತು. "ಬರೋದಿದ್ರೆ ಬರುತ್ತೆ ಬಿಡಿ," ಎಂದಳು. ಅವಳು ಆಸೆ ಬಿಟ್ಟಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು. ಭಯವಾಯಿತು.

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಕೂತಾಗ ಸ್ವಾಮಿಯ ನಾಮದ ಸರದಿ. ಬಿಳಿ ಹರಳು, ಉದ್ದ ಸಾಲು. ಇಂಥ ಕಡೆ ಅಡಿಕೋಲು ಒತ್ತಿ ಹಿಡಿದು ಅದಕ್ಕೆ ಆನಿಸಿ ಅಂಟಿಸಬೇಕು, ಇಲ್ಲದಿದ್ದರೆ ಒಂದು ಹರಳು ಕೂದಲೆಳೆಯಷ್ಟು ವಾಲಿದರೂ ಮುಂದಿನವೆಲ್ಲ ವಾಲುತ್ತವೆ. ನನ್ನ ಮನಸ್ಸು ಡಾಕ್ಟರ ಮಾತಿನಲ್ಲಿತ್ತು. ಅಡಿಕೋಲೂ ಇಲ್ಲ, ಏನೂ ಇಲ್ಲ, ಸುಮ್ಮನೆ ಅಂಟಿಸುತ್ತಿದ್ದೆ.

"ಸೊಟ್ಟ ಹೋಗ್ತಿದೆ ರೀ."

"ಹ್ಞೂಂ."

"ಎಡಕ್ಕೆ ವಾಲ್ತಿದೆ. ಕಾಣಿಸ್ತಿಲ್ವಾ? ಜೀವಮಾನವೆಲ್ಲ ಮಕ್ಕಳನ್ನ ಸಾಲಾಗಿ ನಿಲ್ಸಿದೋರು ನೀವು!"

"ಮಕ್ಕಳಿಗೆ ಹೇಳಿದ್ರೆ ಕೇಳೋರು ಕಣೇ. ಇವು ಕೇಳಲ್ವಲ್ಲ."

"ಊರಿಗೆಲ್ಲ ನಾಮ ಹಾಕೋರನ್ನ ನೋಡಿದೀನಿ. ತಿಮ್ಮಪ್ಪನಿಗೇ ಸೊಟ್ಟ ನಾಮ ಹಾಕೋರನ್ನ ಈಗ್ಲೇ ನೋಡ್ತಿರೋದು. ಬಿಡಿ ಅಂದ್ರೆ! ಬಿಡ್ರೀ!"

ನಾನು ಇನ್ನೊಂದು ಹರಳು ಒತ್ತಿದೆ. ಮೊಣಕೈಯ ಮೇಲೆ ಪಟ್ಟೆಂದು ಏಟು ಬಿತ್ತು.

ಪೆನ್ನು ಕೆಳಗೆ ಬಿತ್ತು. ಅವಳ ಎಡಗೈ ಕುರ್ಚಿಯ ತೋಳು ಹಿಡಿದುಕೊಂಡೇ ಇತ್ತು. ನನ್ನನ್ನು ಹೊಡೆದದ್ದು ಇನ್ನೊಂದು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅದೇ ಸಿಟ್ಟಿನಲ್ಲಿ ಮುಂದೆ ಬಾಗಿ, ಆ ಕೈಯ ತೋರುಬೆರಳನ್ನು ಕೊನೆಯ ಹರಳಿನ ಮೇಲಿಟ್ಟು, ನಡುಗುತ್ತ ನಡುಗುತ್ತ ಬಲಕ್ಕೆ ಸರಿಸಿದಳು. ಹರಳು ಅದರ ಚೌಕದಲ್ಲಿ ಕೂತಿತು. ಆಮೇಲೆ ತನ್ನ ಬೆರಳನ್ನು ತಾನೇ ನೋಡಿದಳು. ನನಗೆ ಅಳು ಬಂತು. ಬೀದಿಗೆ ಕಾಣುವ ಹಾಗೆ ಕೂತು ಅತ್ತೆ, ನಾಚಿಕೆ ಪಡಲಿಲ್ಲ.

"ಅಳೋದು ಆಮೇಲೆ. ಮೊದ್ಲು ಆ ಸಾಲು ಕೀಳಿ," ಎಂದಳು.

ಅವಳಿಗೂ ಕೇಳಲೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಡಾಕ್ಟರಿಗೆ ಹಚ್ಚಿದೆ.

"ಡಾಕ್ಟ್ರೇ, ಬಲಗೈ ಎದ್ದುಬಿಡ್ತು! ತಾನಾಗೇ ಎದ್ದುಬಿಡ್ತು!"

"ಹೌದಾ ಸಾರ್! ಏನು ಮಾಡಿದ್ರು?"

"ಹೊಡೆದಳು."

"ಯಾರಿಗೆ?"

"ನನಗೇ."

"ಜೋರಾಗಿ ಹೊಡೆದ್ರಾ?"

"ಪರವಾಗಿಲ್ಲ. ಉರೀತಾ ಇದೆ."

"ತುಂಬಾ ಒಳ್ಳೇದು ಸಾರ್. ನಿಲ್ಲಿಸ್ಬೇಡಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಮಾಡ್ಸಿ."

ಫೋನಿಟ್ಟು ತಿರುಗಿದೆ. ನನ್ನ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದಳು.

"ಬೆಳಗಿಂದು ಇನ್ನೂ ಒಂಬತ್ತು ಬಾಕಿ ಇದೆ," ಎಂದಳು. "ಬನ್ನಿ ಈ ಕಡೆ."