ಇಲ್ಲದ ಯೂರೋ, ಕೊಟ್ಟ ಝಕಾತ್

ನನಗೆ ದುಡ್ಡಿನ ಆಸೆ ಇಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆಸೆ ಪಡುವಷ್ಟು ದುಡ್ಡು ಯಾವತ್ತೂ ಕಣ್ಣೆದುರಿಗೆ ಬಂದಿರಲಿಲ್ಲ, ಅಷ್ಟೇ ಎಂಬುದು ಕಳೆದ ರಂಜಾನಿನಲ್ಲಿ ಗೊತ್ತಾಯಿತು. ಸೌದಿಯ ಖಮೀಸ್ ಮುಶೈತಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಗಂಡನದು ಎಸಿ ರಿಪೇರಿ ಕೆಲಸ. ಬೇಸಿಗೆಯಲ್ಲೂ ಮಂಜು ಇಳಿಯುವ ಈ ಗುಡ್ಡದ ಊರಲ್ಲಿ ಎಸಿ ರಿಪೇರಿ ಮಾಡಿ ಬದುಕುತ್ತಿದ್ದೇವೆ ಎಂದರೆ ಅದಕ್ಕಿಂತ ದೊಡ್ಡ ಕೃಪೆ ಬೇಕೇ? ಮಗಳ ಕನ್ನಡಕದ ನಂಬರು ಏರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಕೆಳಗಿನ ಮನೆಯವರು ಇವತ್ತು ಬಾಗಿಲಿಗೆ ಅಡ್ಡವಾಗಿ ಕಾರು ನಿಲ್ಲಿಸಲಿಲ್ಲ, ಅದಕ್ಕೂ ಅಲ್‌ಹಮ್ದುಲಿಲ್ಲಾಹ್. ಹೀಗೆ ಎಣಿಸುತ್ತಾ ಹೋದರೆ ಸಂಜೆಯಾಗುತ್ತದೆ.

ವರ್ಷ ದಾಟಿದ ಉಳಿತಾಯದಲ್ಲಿ ನೂರಕ್ಕೆ ಎರಡೂವರೆಯಂತೆ ಬಡವರಿಗೆ ಕೊಡುವ ಝಕಾತಿನ ಲೆಕ್ಕ ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. "ನೀನೇ ನೋಡಿ ಕೊಡು ಮಾರಾಯ್ತಿ" ಎನ್ನುವುದು ಗಂಡನ ಪ್ರತಿವರ್ಷದ ಮಾತು. ಈ ಸಲ ಅವರು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಳೂಗೆ ಹೋಗಿದ್ದಾಗ ಅಡುಗೆಮನೆಯಲ್ಲಿ ಚಾರ್ಜಿಗಿಟ್ಟಿದ್ದ ಅವರ ಫೋನ್ ಬೆಳಗಿತು. ನೋಡಬಾರದಿತ್ತು, ನೋಡಿದೆ. ಯಾವುದೋ ಖಾತೆ. ತೆರೆದು ಒಂದು ವರ್ಷದ ಮೇಲೆ ಒಂದು ತಿಂಗಳು. ಉಳಿಕೆ ನಲ್ವತ್ತು ಸಾವಿರ ಡಾಲರ್! ಕೈಯಲ್ಲಿದ್ದ ಸಮೋಸ ಎಣ್ಣೆಗೆ ಬಿದ್ದು, ಎಣ್ಣೆ ನನ್ನ ಮೇಲೆ ಹಾರಿತು. ಉರಿ ಗೊತ್ತಾದದ್ದು ಇಫ್ತಾರ್ ಮುಗಿದ ಮೇಲೆ.

ಮರುದಿನ ಸುತ್ತಿ ಬಳಸಿ ಕೇಳಿದೆ. "ಈ ವರ್ಷ ಝಕಾತಿಗೆ ನಿಮ್ಮದು ನನ್ನದು ಎಲ್ಲ ಸೇರಿಸಿಯೇ ಲೆಕ್ಕ ಹಾಕ್ಲಾ?" ಅವರು ಫೋನಿನಿಂದ ತಲೆ ಎತ್ತದೆ, "ಎಲ್ಲ ಸೇರಿಸಿ ಹಾಕು, ನನ್ನ ತಲೆ ತಿನ್ಬೇಡ" ಎಂದರು. ಅಪ್ಪಣೆ ಸಿಕ್ಕಿತು. ನಲ್ವತ್ತು ಸಾವಿರಕ್ಕೆ ಸಾವಿರ ಡಾಲರ್. ಇಲ್ಲಿ ಡಾಲರಿಗೆ ಮೂರೂ ಮುಕ್ಕಾಲು ರಿಯಾಲ್. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೂರು ಸಾವಿರದ ಏಳುನೂರ ಐವತ್ತಾಯಿತು. ರಜೆಗೆ ಊರಿಗೆ ಹೋಗುವ ಟಿಕೆಟಿಗೆಂದು ಕಪಾಟಿನಲ್ಲಿಟ್ಟ ಲಕೋಟೆಯಲ್ಲಿ ನಾಲ್ಕು ಸಾವಿರವಿತ್ತು. ಊರಿಗೆ ದುಡ್ಡು ಕಳಿಸುವ ಎಕ್ಸ್‌ಚೇಂಜಿನ ಕೌಂಟರಿಗೆ ಹೋಗಿ, ಊರಲ್ಲಿ ನಮ್ಮ ಓಣಿಯ ವಿಧವೆ ಜೈನಬಿಗೆ ಕಳಿಸಿಬಿಟ್ಟೆ. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅರ್ಧ ಹಂಚು, ಅರ್ಧ ಟಾರ್ಪಾಲಿನ ಕೆಳಗೆ ಬದುಕುವವಳು. ಟಿಕೆಟಿನ ಚಿಂತೆ ನನಗೆಂತದ್ದು? ಹಿಂದೆ ನಲ್ವತ್ತು ಸಾವಿರ ನಿಂತಿತ್ತಲ್ಲ.

ನಾಲ್ಕನೇ ದಿನ ಸಂಜೆ ಅಸರ್ ನಮಾಜ್ ಆದ ಮೇಲೆ ಗಂಡ ಕಪಾಟು ತೆರೆದರು.

"ಜಮೀಲಾ, ಲಕೋಟೆ ಎಂತ ಇಷ್ಟು ತೆಳ್ಳಗಾಗಿದೆ?"

"ಝಕಾತ್ ಕೊಟ್ಟೆ." ಅವರು ಉಳಿದ ನೋಟು ಎಣಿಸಿದರು.

"ನಾಲ್ಕು ಸಾವಿರಕ್ಕೆ ಮೂರು ಸಾವಿರದ ಏಳುನೂರ ಐವತ್ತು ಝಕಾತ್! ನೀನು ಓದಿದ್ದು ಯಾವ ಮದ್ರಸದಲ್ಲಿ?"

"ಅದು ನಿಮ್ಮ ನಲ್ವತ್ತು ಸಾವಿರ ಡಾಲರಿನದ್ದು" ಎಂದೆ, ಗುಟ್ಟು ಗೊತ್ತಿದ್ದವಳ ಗತ್ತಿನಲ್ಲಿ.

ಅವರು ಎಣಿಸಿದ ನೋಟನ್ನು ಮತ್ತೊಮ್ಮೆ ಎಣಿಸಿದರು. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿ, "ಉಮ್ಮಾ, ಅದು ಡೆಮೋ! ಫೇಕ್ ಮನಿ. ಬಾಪ ಪ್ರಾಕ್ಟೀಸ್ ಮಾಡೋದು" ಎಂದಳು.

ಆಟದ ದುಡ್ಡಂತೆ! ಕರೆನ್ಸಿ ವ್ಯಾಪಾರ ಕಲಿಯಲೆಂದು ಕಂಪೆನಿಯವರೇ ಪುಕ್ಕಟೆ ಹತ್ತು ಸಾವಿರ ಸುಳ್ಳು ಡಾಲರ್ ಕೊಡುತ್ತಾರಂತೆ. ಅದನ್ನು ಇವರು ವರ್ಷವಿಡೀ ಕೂತು ನಲ್ವತ್ತು ಸಾವಿರ ಸುಳ್ಳು ಡಾಲರ್ ಮಾಡಿದ್ದರು. ಇನ್ನು ಕೈ ಪಳಗಿತು, ನಿಜದ ದುಡ್ಡು ಹಾಕೋಣ ಎಂದು ಅವತ್ತು ಲಕೋಟೆಗೆ ಕೈ ಹಾಕಿದ್ದು. ನಾನು ಹಣೆಗೆ ಕೈ ಹಚ್ಚಿ ಕೂತೆ. ಅದು ಎಂತ ವ್ಯಾಪಾರ, ಬಿಡಿಸಿ ಹೇಳಿ ಎಂದೆ. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು.

"ಮೊನ್ನೆ ಯೂರೋ ಮಾರಿದೆ, ಬೆಲೆ ಇಳೀತು, ಲಾಭ ಆಯ್ತು" ಎಂದರು.

"ನಮ್ಮ ಮನೆಗೆ ಯೂರೋ ಬಂದದ್ದು ಯಾವಾಗ?"

"ಬರುವುದಿಲ್ಲ. ಇಲ್ಲದ್ದನ್ನು ಮೊದಲು ಮಾರೋದು, ಇಳಿದ ಮೇಲೆ ಕೊಂಡು ಚುಕ್ತಾ ಮಾಡೋದು."

"ಕೊಂಡದ್ದನ್ನು ಯಾರಿಗೆ ಮುಟ್ಟಿಸೋದು?"

"ಯಾರಿಗೂ ಇಲ್ಲ. ವ್ಯತ್ಯಾಸ ಮಾತ್ರ ನಮಗೆ ಬರ್ತದೆ. ಏರಿದರೆ ನಮ್ಮದು ಹೋಗ್ತದೆ."

ಇದಕ್ಕೆ ಸ್ಪಾಟ್ ಮಾರುಕಟ್ಟೆ ಎಂದು ಹೆಸರು. ನಿಂತಲ್ಲೇ, ಈಗಿನ ಬೆಲೆಗೆ ವಿನಿಮಯ ಎಂದು ಅರ್ಥವಂತೆ. ಎಕ್ಸ್‌ಚೇಂಜಿನ ಕೌಂಟರಿನವನು ಬೆರಳು ಒದ್ದೆ ಮಾಡಿ ನೋಟನ್ನು ಎರಡೆರಡು ಸಲ ಎಣಿಸಿ ಕೈಗೆ ಕೊಡುತ್ತಾನೆ. ಇಲ್ಲಿ ಕೈಯೂ ಇಲ್ಲ, ನೋಟೂ ಇಲ್ಲ, ನಿಂತ ಜಾಗವೂ ಇಲ್ಲ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಒಂದು ಸಣ್ಣ ಸಂದು ಇಟ್ಟು ಕಂಪೆನಿಯವನು ಮೊದಲೇ ತನ್ನ ಪಾಲು ತೆಗೆದುಕೊಳ್ಳುತ್ತಾನೆ. ನಾವು ಒಂದು ಡಾಲರ್ ಇಟ್ಟರೆ ಐನೂರು ಡಾಲರಿನ ಮಾಲು ಹಿಡಿಯಲು ಬಿಡುತ್ತಾನೆ. ಇಷ್ಟು ಧಾರಾಳಿ ಯಾಕೆ ಎಂದರೆ, ಬೆಲೆ ಕೂದಲೆಳೆಯಷ್ಟು ಆಚೆ ಸರಿದರೆ ಸಾಕು, ನಾವಿಟ್ಟದ್ದನ್ನು ಹಿಡಿದುಕೊಂಡು, ನಮ್ಮನ್ನು ಕೇಳದೆಯೇ ಅವನು ನಮ್ಮ ಅಂಗಡಿ ಮುಚ್ಚಿಬಿಡಬಹುದು. ವ್ಯಾಪಾರ ರಾತ್ರಿ ದಾಟಿದರೆ ಬಡ್ಡಿ! "ತೌಬಾ, ರಂಜಾನಿನಲ್ಲಿ ಎಂತ ಮಾತು!" ಎಂದೆ. "ನಮ್ಮವರಿಗೆ ಬಡ್ಡಿಯಿಲ್ಲದ ಖಾತೆ ಬೇರೆ ಉಂಟು, ಬರೀ ಸೇವಾಶುಲ್ಕ" ಎಂದರು. ಹಾಗಲಕಾಯಿಗೆ ಬೇರೆ ಹೆಸರಿಟ್ಟರೆ ಕಹಿ ಹೋಗುತ್ತದೆಯೇ? ಕೈಯಲ್ಲಿ ಇಲ್ಲದ್ದನ್ನು ಮಾರಬಾರದು ಎಂದು ಸಣ್ಣವಳಿದ್ದಾಗ ಮದ್ರಸದ ಉಸ್ತಾದರು ಹೇಳಿಕೊಟ್ಟದ್ದನ್ನು ಇಫ್ತಾರಿನವರೆಗೂ ಒದರಿದೆ. ಅವರು ಖರ್ಜೂರ ಹಿಡಿದುಕೊಂಡು ಬಾಂಗಿಗೆ ಕಾದ ಹಾಗೆ ಬೇರೆ ಯಾವತ್ತೂ ಕಾದಿರಲಿಕ್ಕಿಲ್ಲ.

"ಜೈನಬಿ ಹತ್ರ ವಾಪಸ್ ಕೇಳ್ತೀಯಾ?" ಎಂದರು ಕೊನೆಗೆ, ಮೆಲ್ಲಗೆ.

"ಕೊಟ್ಟ ಝಕಾತನ್ನು ಯಾರಾದ್ರೂ ವಾಪಸ್ ಕೇಳ್ತಾರಾ? ನಾಚಿಕೆ ಇಲ್ವಾ ನಿಮಗೆ?"

ಗಂಡಸರ ಹಟ ನಿಮಗೆ ಗೊತ್ತಲ್ಲ. ಈದ್ ಕಳೆದ ಮೇಲಿನ ಒಂದು ಶುಕ್ರವಾರ, ಲಕೋಟೆಯಲ್ಲಿ ಉಳಿದ ಇನ್ನೂರ ಐವತ್ತನ್ನು ನಿಜದ ಖಾತೆಗೆ ಹಾಕಿ ಯೂರೋ ಮಾರಿದರು. ನಾನು ಚಹಾಕ್ಕೆ ಹಾಲಿಟ್ಟಿದ್ದೆ. ಅಮೆರಿಕದಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಸುದ್ದಿ ಬಂತಂತೆ. ಯಾರಿಗೋ ಕೆಲಸ ಸಿಗದ್ದಕ್ಕೆ ಡಾಲರ್ ಇಳಿದು ಯೂರೋ ಏರಿತಂತೆ. ಹಾಲು ಉಕ್ಕುವುದರೊಳಗೆ ಮುಗಿಯಿತು. ಉಳಿದದ್ದು ನಾಲ್ಕು ಡಾಲರ್. ವರ್ಷವಿಡೀ ಗೆದ್ದ ಮನುಷ್ಯ ಹಾಲು ಕಾಯುವಷ್ಟು ಹೊತ್ತಿನಲ್ಲಿ ಸೋತು, ಅಡುಗೆಮನೆಗೆ ಬಂದು, ಸಕ್ಕರೆ ಕಡಿಮೆ ಹಾಕು ಎಂದರು. ಬೈಯುವ ಬದಲು ಒಂದು ಚಮಚ ಜಾಸ್ತಿಯೇ ಹಾಕಿದೆ. ಹೋದದ್ದು ನಾಲ್ಕು ಸಾವಿರವಲ್ಲ, ಇನ್ನೂರೈವತ್ತು ಮಾತ್ರ, ಅಲ್‌ಹಮ್ದುಲಿಲ್ಲಾಹ್. ಆ ವಾರವೇ ಜೈನಬಿಯ ದನಿ ಫೋನಿನಲ್ಲಿ ಬಂತು: "ಜಮೀಲಕ್ಕಾ, ಪೂರ್ತಿ ಹಂಚು ಹೊದಿಸಿದೆ. ನಿಮ್ಮವರ ವ್ಯಾಪಾರದಲ್ಲಿ ಬರಕತ್ ಆಗಲಿ, ನಷ್ಟ ಬಾರದಿರಲಿ ಅಂತ ದಿನಾ ದುವಾ ಮಾಡ್ತೇನೆ." ದುವಾ ಅಲ್ಲಾಹನಿಗೆ ಕಬೂಲಾಗಿತ್ತು. ಗಂಡ ಆ ಆ್ಯಪನ್ನೇ ಅಳಿಸಿಹಾಕಿದ್ದರು.

ಊರಿಗೆ ಈ ವರ್ಷ ಹೋಗಲಿಲ್ಲ. ಇರಲಿ, ಇಲ್ಲಿ ಮಂಜು ಉಂಟು. ಆದರೆ ಒಂದು ವಿಷಯ ಗಂಡನಿಗೆ ಇನ್ನೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಫೋನ್ ನೋಡಿದ ಮರುದಿನ, ಝಕಾತ್ ಕಳಿಸುವ ಮೊದಲೇ, ನಾನು ಚಿನ್ನದಂಗಡಿಗೆ ಹೋಗಿ ಒಂದು ಜೊತೆ ಬಳೆ ಆರಿಸಿ, "ಈದ್ ಆದ ಮೇಲೆ ನಮ್ಮವರು ಬಂದು ದುಡ್ಡು ಕೊಡ್ತಾರೆ, ಬೇರೆಯವರಿಗೆ ಕೊಡ್ಬೇಡಿ" ಎಂದು ಹೇಳಿ ಬಂದಿದ್ದೆ. ಈಗ ಮಾರ್ಕೆಟಿಗೆ ಹೋಗುವಾಗ ಆ ಬೀದಿ ಬೇಡ, ಸುತ್ತು ಹಾಕಿ ಹೋಗೋಣ ಎನ್ನುತ್ತೇನೆ. ಗಂಡ ಪೆಟ್ರೋಲಿನ ಲೆಕ್ಕ ಹೇಳುತ್ತಾ ಸುತ್ತು ಹಾಕುತ್ತಾರೆ. ಅವರು ಮಾರಿದ ಯೂರೋವನ್ನು ಯಾರಿಗೂ ಮುಟ್ಟಿಸಬೇಕಾಗಿರಲಿಲ್ಲ. ನನ್ನ ಬಳೆಗಳಾದರೋ ತೂಕವಾಗಿ, ಮೇಲೆ ನನ್ನ ಹೆಸರು ಬರೆಸಿಕೊಂಡು, ಆ ಅಂಗಡಿಯ ಡಬ್ಬಿಯಲ್ಲಿ ಇನ್ನೂ ಕೂತಿವೆ.