ಹವಳದ ಎಳೆ, ಮುತ್ತಿನ ಎಳೆ

ಎಲ್ಲ ರಾದ್ಧಾಂತಕ್ಕೂ ಕಾರಣ ಐದು ತಿಂಗಳ ಕೂಸಿನ ಮೂಗು. ಸೋಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಿವಾನಂದ ಮಾಸ್ತರರು ಬಾಣಂತಿ ಹೆಂಡತಿಯನ್ನೂ ಮಗನನ್ನೂ ಕರೆದೊಯ್ಯಲು ತಾಯಿಯೊಡನೆ ಅಕ್ಕಲಕೋಟೆಗೆ ಬಂದಿದ್ದರು. ಹೆಂಡತಿ ಮಂದಾಕಿನಿ ಸೋದರತ್ತೆಯ ಮಗಳೇ. ಮಾಸ್ತರರಿಗೆ ಈಚೆಗೆ ತರಗತಿಯಲ್ಲಿ ಕಪ್ಪೆ ಕೊಯ್ಯುವಾಗಲೂ ಕೂಸೇ ನೆನಪಾಗುತ್ತಿತ್ತು.

ಬಾಗಿಲಲ್ಲಿ ಟಾಂಗಾ ನಿಂತಿದೆ, ಅತ್ತೆ ಅಕ್ಕನಾಗಮ್ಮ ಮಾತ್ರ ಕೂಸನ್ನು ಬಿಡಲೊಲ್ಲರು.

"ಈ ಮೂಗು ನಮ್ಮಪ್ಪಂದು. ಕೂಸು ಈ ಮನ್ಯಾಗೇ ಬೆಳೀಬೇಕು."

"ಕಣ್ಣ ಬಿಟ್ಟು ನೋಡ! ಇದು ಹನ್ನೂರಿನ ನಮ್ಮ ತವರಿನ ಮೂಗು," ಎಂದು ತಾಯಿ ಗುರುಬಾಯಿ ಕೂಸಿನ ಕಾಲು ಹಿಡಿದರು.

"ಮಾಸ್ತರ್ರ, ಲಗೂ ಬರ್ರಿ, ಗಾಡಿ ತಪ್ಪತೈತಿ!" ಎಂದು ಟಾಂಗಾದ ಕಲ್ಲಣ್ಣ ಕೂಗಿದ. ಕೂಗಿ ಸುಮ್ಮನಿದ್ದನೇ? ಒಳಗೆ ಬಂದು ಮೂಗು ನೋಡಿ, ತನ್ನ ಕುದುರೆಯದೂ ಹೀಗೇ ಇದೆ ಎಂದ.

ಮಾಸ್ತರರಿಗೆ ತಡೆಯಲಾಗಲಿಲ್ಲ. ಅತ್ತೆಯ ಹವಳದ ಸರ, ತಾಯಿಯ ಮುತ್ತಿನ ಸರ ಎರಡನ್ನೂ ಬಿಚ್ಚಿಸಿಕೊಂಡರು.

"ನನ್ನ ಮೈಯೊಳಗ ಇಂಥಾ ಸಣ್ಣ ಎಳಿ ಅದಾವ, ಕ್ರೋಮೋಸೋಮ್ ಅಂತಾರ. ಅಪ್ಪನ ಕಡೀದೊಂದು, ಅವ್ವನ ಕಡೀದೊಂದು, ಹಿಂಗ ಜೋಡಿ. ಕೂಸಿಗೆ ಹೋಗೂ ಬೀಜ ತಯಾರಾಗೂವಾಗ ಇವೆರಡೂ ಅಪ್ಪಿಕೋತಾವ, ಒಂದ ಜಾಗಾದಾಗ ಹರಿತಾವ..."

ಕತ್ತರಿ ಆಡಿತು. ಇಬ್ಬರೂ ಚೀರಿದರು. ಉರುಳಿದ ಮಣಿಗಳನ್ನು ಕಲ್ಲಣ್ಣ ತೊಟ್ಟಿಲ ಕೆಳಗಿಂದ ಆರಿಸಿಕೊಟ್ಟ.

"...ತುಂಡು ಅದಲುಬದಲಾಗಿ ಕೂಡತಾವ." ಹವಳಕ್ಕೆ ಮುತ್ತು, ಮುತ್ತಿಗೆ ಹವಳ ಗಂಟು ಬಿತ್ತು. "ಕೂಸಿಗೆ ಹೋಗೂದು ಇಂಥಾ ಬೆರಕಿ ಎಳಿ. ಒಮ್ಮಿ ಬದಲಾಗಿದ್ದು ತಿರುಗಿ ಬಿಡಿಸಾಕ ಬರೂದಿಲ್ಲ!"

ಅತ್ತೆ ಸರ ಹಾಕಿಕೊಂಡು ಕಣ್ಣೊರೆಸಿಕೊಂಡರು. "ವೈನಿ, ತೀರಿಹೋದ ನಮ್ಮಣ್ಣನೂ ನೀನೂ ಕೂಡೇ ಅದೀರಿ ಇದರಾಗ."

ಗೆದ್ದೆನೆಂದು ಮಾಸ್ತರರು ಟ್ರಂಕು ಎತ್ತಿದರು.

"ಅದಲುಬದಲೇ ಖರೆ ನ್ಯಾಯ," ಎಂದರು ಅತ್ತೆ. "ಬಾಣಂತಿ, ಕೂಸು ನನ್ನ ಮನ್ಯಾಗಿರ್ಲಿ, ಕೂಸು ವೈನಿ ತೊಡಿ ಮ್ಯಾಲ ಬೆಳೀಲಿ. ಇವಗ ರೊಟ್ಟಿ ಬಡಿಯಾಕ ನಾ ಸೋಲಾಪುರಕ್ಕ ಹೋಗ್ತೀನಿ."

ತಾಯಿ ಆಗಲೇ ಮೊಮ್ಮಗನನ್ನು ಎತ್ತಿಕೊಂಡಾಗಿತ್ತು. ಮಂದಾಕಿನಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ನೀವ ಹೇಳಿದ ಪಾಠ ಅಲ್ಲೇನ್ರಿ?" ಎಂದಳು.

ರೈಲಿನಲ್ಲಿ ಮಾಸ್ತರರು ಬರಿದಾದ ಮಡಿಲು ನೋಡುತ್ತ ಕೂತರು. ಹೋಟಗಿಯಲ್ಲಿ ಅತ್ತೆ ಸರ ಮುಟ್ಟಿ ನೋಡಿ, "ಏ ಶಿವ್ಯಾ, ನನ್ನ ಪಾಲಿಗೆ ಮುತ್ತು ಕಡಿಮಿ ಬಂದಾವಲ್ಲೋ!" ಎಂದು ಕೂಗಿದರು.

ಮಾಸ್ತರರು ಎದ್ದೇ ನಿಂತರು. "ವಾಪಸ್ ಹೋಗೂಣ ನಡೀರಿ ಅತ್ತಿ, ಎಲ್ಲಾ ಮೊದಲಿನಂಗ ಮಾಡಿಕೊಡ್ತೀನಿ!"

"ಸುಮ್ನ ಕುಂದ್ರ," ಎಂದರು ಅತ್ತೆ. "ಒಮ್ಮಿ ಬದಲಾಗಿದ್ದು ತಿರುಗಿ ಬಿಡಿಸಾಕ ಬರೂದಿಲ್ಲಂತ ನೀನ ಹೇಳೀದಿ."